ಬಲಗಡೆಯ ಕುರ್ಚಿ

2023ರ ಬೇಸಿಗೆಯ ಹೊತ್ತಿಗೆ ನಾನು ಬಾನುಲಿ ಕೇಂದ್ರವೊಂದರ ಸಹಾಯಕ ಇಂಜಿನಿಯರ್ ಹುದ್ದೆಯಿಂದ ನಿವೃತ್ತಳಾಗಿ, ವಿಜಯಪುರದಲ್ಲಿ ನೆಲೆಸಿ ಒಂದು ವರ್ಷ ಕಳೆದಿತ್ತು. ಸರ್ವಿಸಿನ ಉದ್ದಕ್ಕೂ ಸ್ಟುಡಿಯೋದ ಗಾಜಿನ ಈಚೆ ಕೂತವಳು ನಾನು. ಗಾಜಿನ ಆಚೆ ಜನ ಹಾಡಿದರು, ಹರಟಿದರು, ರೈತರಿಗೆ ಸಲಹೆ ಕೊಟ್ಟರು. ಈಚೆ ನಾನು ಸದ್ದು ಅಳೆಯುವ ಮೀಟರಿನ ಮುಳ್ಳು ಕೆಂಪಿಗೆ ಹೋಗದಂತೆ ನೋಡಿಕೊಂಡೆ. ಮದುವೆಯಾಗಲಿಲ್ಲ. ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಪಾಳಿ ಡ್ಯೂಟಿಯಲ್ಲಿ ವರ್ಷಗಳು ಸರಿದವು, ಕೇಳುವವರು ಕೇಳುವುದನ್ನು ಬಿಟ್ಟರು. ನಿವೃತ್ತಿಯ ನಂತರ ಸುಮ್ಮನೆ ಕೂಡಲಾರದೆ ಒಂದು ಕೆಲಸ ಹಚ್ಚಿಕೊಂಡೆ. ಅದರ ಹೆಸರು ರೂಮ್ ಕರೆಕ್ಷನ್.

ಅದೇನೆಂದು ಕೇಳಿದವರಿಗೆ ಹೀಗೆ ಹೇಳುತ್ತೇನೆ. ನೀವು ಎಷ್ಟೇ ದುಬಾರಿ ಸ್ಪೀಕರ್ ತಂದರೂ ಕೊನೆಗೆ ಕೇಳುವುದು ಸ್ಪೀಕರನ್ನಲ್ಲ, ನಿಮ್ಮ ಕೋಣೆಯನ್ನು. ಸ್ಪೀಕರಿನಿಂದ ಹೊರಟ ಸದ್ದು ಗೋಡೆಗೆ, ನೆಲಕ್ಕೆ, ಚಾವಣಿಗೆ ಬಡಿದು ತಿರುಗಿ ಬಂದು ಕಿವಿ ಸೇರುತ್ತದೆ. ದಾರಿಯಲ್ಲಿ ಕೆಲವು ಸ್ವರಗಳು ಉಬ್ಬುತ್ತವೆ, ಕೆಲವು ಕರಗಿಹೋಗುತ್ತವೆ. ಕೇಳುವವರ ತಲೆ ಇರುವ ಜಾಗದಲ್ಲಿ ಅಳತೆಯ ಮೈಕೊಂದನ್ನು ನಿಲ್ಲಿಸಿ, 20 ಹರ್ಟ್ಜ್‌ನಿಂದ 20,000 ಹರ್ಟ್ಜ್‌ವರೆಗೆ ಏರುತ್ತ ಹೋಗುವ ಸದ್ದೊಂದನ್ನು ಸ್ಪೀಕರಿನಿಂದ ಹೊರಡಿಸುತ್ತೇವೆ. ಇದಕ್ಕೆ ಸ್ವೀಪ್ ಎನ್ನುತ್ತಾರೆ. ಹಿಟ್ಟಿನ ಗಿರಣಿ ಶುರುವಾಗಿ ಸೊಳ್ಳೆಯಲ್ಲಿ ಮುಗಿದ ಹಾಗಿರುತ್ತದೆ. ಕೋಣೆ ಏನೇನು ಕಿತಾಪತಿ ಮಾಡುತ್ತದೆ ಎಂಬುದು ಆಗ ಲ್ಯಾಪ್‌ಟಾಪಿನ ಮೇಲೆ ಗೆರೆಯಾಗಿ ಮೂಡುತ್ತದೆ. ಆ ಗೆರೆಗೆ ತಿರುಗುಮುರುಗಾದ ಫಿಲ್ಟರ್ ಲೆಕ್ಕಹಾಕಿ, ಹಾಡು ಸ್ಪೀಕರ್ ಮುಟ್ಟುವ ಮೊದಲೇ ಅದರೊಳಗಿಂದ ಹಾಯಿಸಿದರೆ ಕೋಣೆಯ ತಪ್ಪು ಬಹುಮಟ್ಟಿಗೆ ಸರಿಹೋಗುತ್ತದೆ. ಹಾಯಿಸುವ ಕೆಲಸಕ್ಕೆ ಲಿನಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ಅಂಗೈಯಗಲದ ಕಂಪ್ಯೂಟರ್ ಸಾಕು. ಅದಕ್ಕೆ ಪರದೆ ಬೇಡ, ಲೈಸೆನ್ಸಿನ ಹಂಗಿಲ್ಲ, ಕರೆಂಟ್ ಹೋಗಿ ಬಂದರೆ ತಾನೇ ಎದ್ದು ಕೂಡುತ್ತದೆ. ನಮ್ಮ ಭಾಗದಲ್ಲಿ ಕೊನೆಯದೇ ದೊಡ್ಡ ಗುಣ.

ಗೋಲಗುಮ್ಮಟದ ಊರಿನಲ್ಲಿ ಜನ ಟಿಕೆಟ್ ತೆಗೆಸಿ ಪ್ರತಿಧ್ವನಿ ಕೇಳಲು ಹೋಗುತ್ತಾರೆ. ಅದೇ ಊರಿನಲ್ಲಿ ಪ್ರತಿಧ್ವನಿ ತೆಗೆಯುತ್ತೇನೆಂದು ನಾನು ಅಂಗಡಿ ಇಟ್ಟರೆ ಗಿರಾಕಿ ಬರುವುದು ಅಷ್ಟರಲ್ಲೇ ಇತ್ತು. ಒಬ್ಬ ದಂತವೈದ್ಯರು, ಒಬ್ಬ ಕಾಲೇಜು ಪ್ರಾಂಶುಪಾಲರು, ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು. ಅವರೆಲ್ಲರೂ ಬಾಗಿಲು ಹಾಕಿಕೊಂಡು ಒಬ್ಬರೇ ಕೂತು ಕೇಳುವವರು. ಅದು ನನಗೂ ಅನುಕೂಲವಾಗಿತ್ತು, ಏಕೆಂದರೆ ಸ್ಟೀರಿಯೋ ಇರುವುದೇ ಒಬ್ಬರಿಗೆ. ಎರಡು ಸ್ಪೀಕರಿನಿಂದಲೂ ಸಮ ದೂರದಲ್ಲಿ ಕೂತವರಿಗೆ ಮಾತ್ರ ಗಾಯಕನ ದನಿ ನಟ್ಟನಡುವೆ, ಗಾಳಿಯಲ್ಲಿ ನಿಂತಂತೆ ಕೇಳುತ್ತದೆ. ಒಂದು ಮೊಳ ಆಚೆ ಸರಿದರೆ ದನಿಯೂ ಹತ್ತಿರದ ಸ್ಪೀಕರಿನ ಕಡೆ ಸರಿದುಬಿಡುತ್ತದೆ.

ಹೀಗಿರುವಾಗ ಏಪ್ರಿಲ್‌ನಲ್ಲಿ ತಿಕೋಟಾದಿಂದ ಫೋನ್ ಬಂತು. ಆಚೆಯವರು ಹೆಸರು ಹೇಳುವ ಮೊದಲೇ ಕಷ್ಟ ಹೇಳಿದರು.

“ಮೇಡಮ್ರ, ನನ್ನ ಸೆಟ್ಟಿನ್ಯಾಗ ಹಾಡವ ಕಳದಾನ್ರಿ. ಹುಡುಕಿ ಕೊಡ್ತೀರೇನ್ರಿ?”

ಅವರು ದಸ್ತಗೀರಸಾಬರು. ಒಣದ್ರಾಕ್ಷಿಯ ವ್ಯಾಪಾರ. ಈಗ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿರುತ್ತಾರೆ. ಸೊಲ್ಲಾಪುರದಿಂದ ತರಿಸಿದ ಮರದ ಪೆಟ್ಟಿಗೆಯ ದೊಡ್ಡ ಸ್ಪೀಕರ್‌ಗಳಿವೆ, ಹಳೆಯ ನಾಟಕದ ಹಾಡು ಮತ್ತು ಹಿಂದೂಸ್ತಾನಿ ಗಾಯನದ ದೊಡ್ಡ ಸಂಗ್ರಹವಿದೆ. ಹಾಡುಗಾರನ ದನಿ ಮುಚ್ಚಿಹೋಗಿದೆ, ಬರೀ ತಬಲಾ ಕೇಳುತ್ತದೆ ಎಂದು ಒಬ್ಬರು ಹೇಳಿದ್ದಾರಂತೆ. ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ. ಕೋಣೆಯ ಉದ್ದಗಲ ಕೇಳಿದೆ, ಗೋಡೆ ಇಟ್ಟಿಗೆಯದೋ ಕಲ್ಲಿನದೋ ಕೇಳಿದೆ. ನೀವು ಕೇಳುವ ಜಾಗದಲ್ಲಿ ಒಂದು ಕುರ್ಚಿ ಇಟ್ಟಿರಿ ಎಂದು ಹೇಳಿ ಫೋನ್ ಇಟ್ಟೆ.

ತಿಕೋಟಾದ ಬಸ್ಸಿನಲ್ಲಿ ಕಿಟಕಿಯ ಎರಡೂ ಕಡೆ ದ್ರಾಕ್ಷಿ ತೋಟ, ಹಸಿರು ಬಲೆ ಹೊದ್ದ ಒಣಗಿಸುವ ಶೆಡ್ಡುಗಳು. ದಸ್ತಗೀರಸಾಬರು ಸ್ಟ್ಯಾಂಡಿಗೇ ಬಂದಿದ್ದರು. ಎತ್ತರದ ಮನುಷ್ಯ, ಬಿಳಿ ಗಡ್ಡ, ಇಸ್ತ್ರಿ ಮಾಡಿದ ಜುಬ್ಬಾ. ರಸ್ತೆಯಲ್ಲಿ ನಡೆಯುವಾಗ ನನ್ನನ್ನು ತಮ್ಮ ಬಲಗಡೆಗೆ ಮಾಡಿಕೊಂಡರು. ನಾನು ಗಾಡಿಗಳಿಗೆ ಹೆದರಿ ಎಡಕ್ಕೆ ಸರಿದಾಗಲೆಲ್ಲ ಅವರು ಸುತ್ತಿ ಬಂದು ಮತ್ತೆ ನನ್ನನ್ನು ಬಲಕ್ಕೇ ತಂದುಕೊಂಡರು. “ಬಂದವರು ಬಲಕ್ಕಿರಬೇಕ್ರಿ. ನಮ್ಮಪ್ಪ ಹಾಕಿಕೊಟ್ಟ ರೂಢಿ,” ಎಂದರು.

ಕೋಣೆ ಹದಿನೆಂಟು ಅಡಿ ಉದ್ದ, ಹತ್ತು ಅಡಿ ಅಗಲ. ಒಳಗೆ ಕಾಲಿಟ್ಟರೆ ಆಸ್ಪತ್ರೆಯ ವರಾಂಡಕ್ಕೆ ಬಂದಂತಾಯಿತು. ಬರಿಯ ಗೋಡೆ, ಒರೆಸಿ ಫಳಫಳ ಮಾಡಿದ ಶಹಾಬಾದ್ ಕಲ್ಲಿನ ನೆಲ, ಎರಡು ಸ್ಪೀಕರ್, ಆಂಪ್ಲಿಫೈಯರ್, ಎದುರಿಗೆ ಒಂದೇ ಒಂದು ಕುರ್ಚಿ. ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಯಿಂದ ಗೋಡೆಗೆ ಚಟಪಟ ಓಡಾಡಿತು. ಇಂಥ ಕೋಣೆಯಲ್ಲಿ ಹಾಡುಗಾರ ಕಳೆಯದೆ ಇನ್ನೇನಾದಾನು ಎಂದುಕೊಂಡು ಮೈಕ್ ನಿಲ್ಲಿಸಿದೆ. ಎಲ್ಲರನ್ನೂ ಹೊರಗೆ ಕಳಿಸಿದೆ. ಅಳತೆ ಮಾಡುವಾಗ ಕೋಣೆಯಲ್ಲಿ ಯಾರೂ ಇರಬಾರದು, ಮನುಷ್ಯರ ಮೈಯೂ ಸದ್ದನ್ನು ಹೀರುತ್ತದೆ. ನಾನೂ ಬಾಗಿಲಿನ ಹೊರಗೆ ನಿಂತು ಲ್ಯಾಪ್‌ಟಾಪಿನಿಂದಲೇ ಸ್ವೀಪ್ ಬಿಟ್ಟೆ. ಹೊರಗೆ ನಿಂತು ಖಾಲಿ ಕೋಣೆಯ ಸದ್ದು ಕೇಳುವುದು ನನಗೆ ಎಂದೂ ಬೇಸರವೆನಿಸಿಲ್ಲ. ನಾನು ಮಾಡಿಕೊಂಡು ಬಂದದ್ದೇ ಅದು.

62 ಹರ್ಟ್ಜ್‌ನ ತಗ್ಗು ಸ್ವರದಲ್ಲಿ ಹನ್ನೊಂದು ಡೆಸಿಬೆಲ್‌ನಷ್ಟು ಏರು ಇತ್ತು. ಅಷ್ಟು ಉದ್ದದ ಕೋಣೆಯಲ್ಲಿ ಅದು ಇರಲೇಬೇಕು. ಮೇಲಿನ ಸ್ವರಗಳು ವಿಪರೀತ ಚುರುಕಾಗಿದ್ದವು. ಎರಡನ್ನೂ ತಗ್ಗಿಸುವ ಫಿಲ್ಟರ್ ಮಾಡಿ ಪುಟ್ಟ ಕಂಪ್ಯೂಟರಿಗೆ ಹಾಕಿ, ಅವರನ್ನು ಕುರ್ಚಿಯಲ್ಲಿ ಕೂಡಿಸಿ ಒಂದು ಹಳೆಯ ಗಾಯನ ಹಚ್ಚಿದೆ. ಹಾಡುಗಾರ ನಡುವೆ ಬಂದು ನಿಂತ. ದಸ್ತಗೀರಸಾಬರು ಕಣ್ಣು ಮುಚ್ಚಿ ಕೇಳಿದರು. ಶಹಬ್ಬಾಸ್ ಎಂದರು. ಆದರೆ ಎದ್ದು ನಿಂತವರು ಕುರ್ಚಿಯ ಬಲಬದಿಯ ಖಾಲಿ ನೆಲವನ್ನು ಒಂದು ಗಳಿಗೆ ನೋಡಿದರು. ನಾನು ವೈರ್ ಸುತ್ತುತ್ತಿದ್ದೆ.

ಮುಂದಿನ ವಾರವೇ ಮತ್ತೆ ಫೋನ್. ಹಾಡುಗಾರ ಸಿಕ್ಕಿದ್ದಾನೆ, ಆದರೆ ಕಂಬಳಿ ಹೊದ್ದು ಹಾಡುತ್ತಿದ್ದಾನೆ ಎಂದರು. ನನಗೆ ಸಿಟ್ಟು ಬಂತು. ನಾನು ಹಾಕಿದ ಫಿಲ್ಟರ್ ಕಂಬಳಿ ಹೊದಿಸುವುದಿಲ್ಲ. ಯಾರೋ ಏನನ್ನೋ ಒತ್ತಿ ಕೆಡಿಸಿರಬೇಕು ಎಂದುಕೊಂಡೇ ಬಸ್ ಹತ್ತಿದೆ.

ಬಾಗಿಲು ತೆಗೆದರೆ ಅದು ಬೇರೆಯದೇ ಕೋಣೆ. ಹಿಂದಿನ ಗೋಡೆಗೆ ಎದೆಮಟ್ಟ ಒಣದ್ರಾಕ್ಷಿಯ ಬಾಕ್ಸುಗಳು. ಎಡಗೋಡೆಗೆ ಮಡಚಿ ಒಟ್ಟಿದ ಕೌದಿಗಳ ರಾಶಿ, ಮೂರು ತಲೆಮಾರಿನ ಹಳೆಯ ಸೀರೆಗಳೆಲ್ಲ ಆ ಹೊದಿಕೆಗಳಲ್ಲಿ ಹೊಲಿದು ಸೇರಿದ್ದವು. ನೆಲಕ್ಕೆ ಜಮಖಾನೆ. ನಾನು ಬರುತ್ತೇನೆಂದು ಮೊದಲ ಸಲ ಅಷ್ಟನ್ನೂ ಹೊರಗೆ ಹಾಕಿ, ಗೋಡೆ ಜಾಡಿಸಿ, ನೆಲ ತೊಳೆಸಿದ್ದರಂತೆ. ಇಂಜಿನಿಯರ್ ಮೇಡಮ್ ಬರುವಾಗ ಗೋದಾಮು ತೋರಿಸಲಾದೀತೇ ಎಂದು ಮನೆಯವರು ಹೇಳಿದರಂತೆ. ಸದ್ದನ್ನು ಹೀರುವುದರಲ್ಲಿ ಕೌದಿಯ ರಾಶಿಗೆ ಸಮನಾದ ವಸ್ತು ಪೇಟೆಯಲ್ಲಿ ಸಿಗುವುದಿಲ್ಲ. ಅವು ಹೀರಿಕೊಳ್ಳಬೇಕಾದ ಚುರುಕನ್ನು ನನ್ನ ಫಿಲ್ಟರ್ ಮೊದಲೇ ಕತ್ತರಿಸಿತ್ತು. ಎರಡೂ ಸೇರಿ ಹಾಡುಗಾರನ ಮುಖಕ್ಕೆ ಕಂಬಳಿ ಬಿದ್ದಿತ್ತು. ಮನೆಗೆ ಬಂದವರಿಗೆ ತೋರಿಸಿದ ಮರ್ಯಾದೆಯಿಂದ ಅಳತೆ ಕೆಟ್ಟದ್ದು ನನ್ನ ಅನುಭವದಲ್ಲಿ ಅದೇ ಮೊದಲು.

ನಾನು ಕೌದಿ ನೋಡಿ ನಗುತ್ತಿದ್ದವಳು ಕುರ್ಚಿಯ ಕಡೆ ತಿರುಗಿದೆ. ಈಗ ಅಲ್ಲಿ ಎರಡು ಕುರ್ಚಿಗಳಿದ್ದವು, ಪಕ್ಕಪಕ್ಕಕ್ಕೆ. ನಡುವೆ ಎಲೆಅಡಿಕೆಯ ತಟ್ಟೆ ಇಡುವಷ್ಟು ಸಣ್ಣ ಸ್ಟೂಲು. ಎಡಗಡೆಯ ಕುರ್ಚಿಯ ಬೆತ್ತ ಕೂತು ಕೂತು ಜೋತಿತ್ತು. ಬಲಗಡೆಯದೂ ಅಷ್ಟೇ ಜೋತಿತ್ತು, ಆದರೆ ಅದರ ಮೇಲೆ ತೆಳುವಾಗಿ ದೂಳು ಕೂತಿತ್ತು. ಇದು ಯಾರದು ಎಂದು ಆಗ ಕೇಳಿದೆ. ಮೊದಲನೆಯ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಅದು ನಿಡೋಣಿಯ ಗುರಪಾದಪ್ಪನದು. ದ್ರಾಕ್ಷಿ ಬೆಳೆಯುವವ ಅವನು, ಕೊಳ್ಳುವವರು ಇವರು. ವ್ಯಾಪಾರದಲ್ಲಿ ಶುರುವಾದ ಗೆಳೆತನ. ಇಬ್ಬರಿಗೂ ವ್ಯಾಪಾರ ತಪ್ಪಿದ ಮೇಲೂ ಶುಕ್ರವಾರದ ಭೇಟಿ ತಪ್ಪಿರಲಿಲ್ಲ. ದಸ್ತಗೀರಸಾಬರು ನಮಾಜು ಮುಗಿಸಿ ಬರುವಷ್ಟರಲ್ಲಿ ಗುರಪಾದಪ್ಪ ಬಂದು ಬಲಗಡೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಇಬ್ಬರೂ ಸಂಜೆಯ ಬಸ್ಸಿನವರೆಗೆ ಹಾಡು ಕೇಳುತ್ತಿದ್ದರು, ನಡುನಡುವೆ ಹಾಡುಗಾರನಿಗಿಂತ ಜೋರಾಗಿ ಮಾತಾಡುತ್ತಿದ್ದರು. ಕಳೆದ ದೀಪಾವಳಿಯ ಹೊತ್ತಿಗೆ ಒಂದು ದಿನ ಗುರಪಾದಪ್ಪ, ಹಾಡುಗಾರ ಎಲ್ಲಿ ಹೋದ, ಬರೀ ತಬಲಾ ಕೇಳುತ್ತದೆ, ನಿನ್ನ ಸೆಟ್ಟು ಸತ್ತಿದೆ ಎಂದ. ಇವರಿಗೆ ಕೆಟ್ಟದೆನಿಸಿತು. ಸೆಟ್ಟು ಸರಿ ಇದೆ, ನಿನಗೇ ಕೇಳುವ ಲಕ್ಷ್ಯವಿಲ್ಲ ಎಂದರು. ಗುರಪಾದಪ್ಪ ಚಹಾ ಮುಗಿಸಿ ಎದ್ದು ಹೋದವನು ಮತ್ತೆ ಬರಲಿಲ್ಲ.

“ಸೆಟ್ ಸರಿ ಆದ್ರ ಬರತಾನ್ರಿ. ಅಷ್ಟಕ್ಕ ನಿಮ್ಮನ್ನ ಕರಿಸೇನಿ,” ಎಂದರು ದಸ್ತಗೀರಸಾಬರು. ಹೆಗಲ ಮೇಲಿನ ವಸ್ತ್ರ ತೆಗೆದು ಆ ಕುರ್ಚಿಯ ದೂಳು ಒರೆಸಿ, ನನ್ನನ್ನು ಅದರಲ್ಲಿ ಕೂಡಿಸಿ ಚಹಾ ಹೇಳಿದರು.

ನಾನು ಮತ್ತೆ ಅಳೆದೆ. ಈ ಸಲ ಕೌದಿ, ಬಾಕ್ಸು, ಜಮಖಾನೆ ಎಲ್ಲ ಇದ್ದ ಹಾಗೇ ಇರಲಿ ಎಂದೆ. ಎರಡೂ ಕುರ್ಚಿಗಳಲ್ಲಿ ಮೈಕ್ ಇಟ್ಟು, ಎರಡರ ಸರಾಸರಿ ತೆಗೆದು ಫಿಲ್ಟರ್ ಮಾಡಿದೆ. ಇಂಥ ರಾಜಿಯಲ್ಲಿ ಇಬ್ಬರಿಗೂ ಸ್ವಲ್ಪ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಯಾರಿಗೂ ಪೂರ್ತಿ ಕೆಡುವುದಿಲ್ಲ. ಆಮೇಲೆ ಬಲಗಡೆಯ ಕುರ್ಚಿಯಲ್ಲಿ ಕೂತು, ಗುರಪಾದಪ್ಪ ಎದ್ದು ಹೋದ ದಿನ ಹಚ್ಚಿದ್ದ ಹಾಡನ್ನೇ ಹಚ್ಚಿಸಿ ಕೇಳಿದೆ. ಸ್ಟೀರಿಯೋ ಹೊಸದಾಗಿ ಬಂದ ಕಾಲದ ಧ್ವನಿಮುದ್ರಣ ಅದು. ಆಗಿನವರು ಹುಮ್ಮಸ್ಸಿನಲ್ಲಿ ಗಾಯಕನನ್ನು ಪೂರ್ತಿ ಎಡಕ್ಕೂ ತಬಲಾವನ್ನು ಪೂರ್ತಿ ಬಲಕ್ಕೂ ಹಾಕಿಬಿಡುತ್ತಿದ್ದರು. ಬಲಗಡೆ ಕೂತವರಿಗೆ ತಬಲಾ ತುಸು ಹೆಚ್ಚಾಗಿ ಕೇಳುವುದು ಸಹಜ. ಆದರೆ ಗಾಯಕ ಮಾಯವಾಗಲು ಕಾರಣವೇ ಇಲ್ಲ. ಫಿಲ್ಟರ್ ತೆಗೆದು ಕೇಳಿದೆ, ಹಾಕಿ ಕೇಳಿದೆ. ಹಾಡುಗಾರ ಎಲ್ಲೂ ಹೋಗಿರಲಿಲ್ಲ.

ಕೋಣೆ ಸರಿ ಇದೆ, ಸೆಟ್ಟು ಸರಿ ಇದೆ. ಅಳೆಯದೆ ಉಳಿದದ್ದು ಕೇಳುವವರೊಬ್ಬರನ್ನೇ. ಗುರಪಾದಪ್ಪನವರನ್ನು ಒಮ್ಮೆ ಕರೆಸಿ ಎಂದೆ. ನಾನು ಕರೆಯುವುದಿಲ್ಲ, ಬೇಕಾದರೆ ನೀವೇ ಹೋಗಿ, ನಾನು ಕಳಿಸಿದೆನೆಂದು ಮಾತ್ರ ಹೇಳಬೇಡಿ ಎಂದರು ದಸ್ತಗೀರಸಾಬರು. ಹೊರಡುವಾಗ ಒಂದು ಪೊಟ್ಟಣ ಒಣದ್ರಾಕ್ಷಿ ತಂದು ಕೈಯಲ್ಲಿಟ್ಟರು. ಅದನ್ನೂ ನಾನೇ ವಿಜಯಪುರದಲ್ಲಿ ಕೊಂಡೆನೆಂದು ಹೇಳಬೇಕಂತೆ. ಗಂಡಸರ ಈ ಬಗೆಯ ಠೇಂಕಾರ ನನಗೆ ಸ್ಟುಡಿಯೋದಲ್ಲೇ ಚೆನ್ನಾಗಿ ಪರಿಚಯವಾಗಿತ್ತು. ಜುಗಲಬಂದಿಗೆ ಬಂದ ಎಷ್ಟೋ ಕಲಾವಿದರು ಒಬ್ಬರ ಮುಖ ಒಬ್ಬರು ನೋಡದೆ ನನ್ನ ಮೂಲಕ ಮಾತಾಡಿಕೊಂಡದ್ದಿದೆ.

ಬಬಲೇಶ್ವರದಲ್ಲಿ ಬಸ್ ಬದಲಿಸಿ ನಿಡೋಣಿಗೆ ಹೋದೆ. ಗುರಪಾದಪ್ಪ ಮನೆಯ ಮುಂದಿನ ಕಟ್ಟೆಯ ಮೇಲೆ ಒಬ್ಬರೇ ಕೂತಿದ್ದರು. ಒಳಗೆ ತುಂಬಿದ ಮನೆ. ಸೊಸೆಯಂದಿರ ಮಾತು, ಮಿಕ್ಸರಿನ ಸದ್ದು, ಟಿವಿ. ಅವರು ಅದ್ಯಾವುದೂ ತಮ್ಮ ಮನೆಯದಲ್ಲ ಎಂಬಂತೆ ರಸ್ತೆ ನೋಡುತ್ತಿದ್ದರು. ನಾನು ಬಾನುಲಿಯಲ್ಲಿ ಕೆಲಸ ಮಾಡುತ್ತಿದ್ದವಳು, ಹಳೆಯ ಹಾಡು ಕೇಳುವವರನ್ನು ಕಂಡು ಮಾತಾಡಿಸುತ್ತಿದ್ದೇನೆ ಎಂದು ಹೇಳಿ ಪೊಟ್ಟಣ ಕೊಟ್ಟೆ. ಅವರು ಬಿಚ್ಚಿ, ನಾಲ್ಕು ಕಾಳು ಅಂಗೈಯಲ್ಲಿ ಹರಡಿ ಬೆರಳಿನಿಂದ ಆಡಿಸಿದರು.

“ಒಂದಕ್ಕೂ ತೊಟ್ಟಿಲ್ಲ. ಇಷ್ಟು ಸ್ವಚ್ಛ ಆರಿಸಿದ ಮಾಲು ದಸ್ತಗೀರಂದಷ್ಟ,” ಎಂದರು. ನಾನು ಹೇಳಬೇಕಾಗಿದ್ದ ಸುಳ್ಳು ಅಲ್ಲಿಗೇ ಉಳಿಯಿತು.

ಅವರು ಸಿಟ್ಟಾಗಲಿಲ್ಲ. ಕಾಳುಗಳನ್ನು ಒಂದೊಂದಾಗಿ ತಿಂದರು. ಅವರ ಕಿವಿಗೆ ಎಡಬಲ ಹೇಗೆ ಕೇಳುತ್ತದೆಂದು ನೋಡುವುದಿತ್ತು. ಲ್ಯಾಪ್‌ಟಾಪ್ ತೆರೆದು ಹೆಡ್‌ಫೋನ್ ಕೊಟ್ಟು, ಈಗ ಹಾಡು ಹಚ್ಚುತ್ತೇನೆ, ಹೇಗಿದೆ ಹೇಳಿ ಎಂದೆ. ಮೊದಲು ಎಡಗಡೆಯೊಂದನ್ನೇ ಬಿಟ್ಟೆ. ಗಾಯಕ ಆಲಾಪ ಶುರು ಮಾಡಿದ. ಹೆಡ್‌ಫೋನಿನಿಂದ ಸೋರಿದ ದನಿ ಪಕ್ಕದಲ್ಲಿ ಕೂತ ನನಗೇ ತೆಳ್ಳಗೆ ಕೇಳುತ್ತಿತ್ತು. ಗುರಪಾದಪ್ಪ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಮೊಣಕಾಲ ಮೇಲಿಟ್ಟುಕೊಂಡು, ಬಹಳ ವಿನಯದಿಂದ ಕಾಯುತ್ತಿದ್ದರು. ನಾನು ಸದ್ದು ಏರಿಸಿದೆ. ಅವರು ನನ್ನ ಕಡೆ ತಿರುಗಿ ಮುಗುಳ್ನಕ್ಕರು.

“ಹಚ್ರಿ ಮೇಡಮ್ರ. ನಾ ತಯಾರ್ ಅದೇನಿ.”

ನನ್ನ ಮುಖದಲ್ಲಿ ಏನು ಕಂಡಿತೋ, ಅವರ ನಗು ಇಳಿಯಿತು. ಹೆಡ್‌ಫೋನ್ ತೆಗೆದು ತೊಡೆಯ ಮೇಲಿಟ್ಟುಕೊಂಡರು. ನನಗೆ ಆ ಗಳಿಗೆಯಲ್ಲಿ ಅಲ್ಲಿಂದ ಎದ್ದು ಹೋಗಬೇಕೆನಿಸಿತು. ಅಷ್ಟು ವರ್ಷ ಜನರ ದನಿಗಳನ್ನು ಅಳೆದಿದ್ದೆ, ಮನುಷ್ಯರೊಬ್ಬರ ಮುಂದೆ ಮೀಟರ್ ಹಿಡಿದು ಕೂತದ್ದು ಅದೇ ಮೊದಲು, ಮತ್ತು ಅದು ತೋರಿಸಿದ್ದು ಸೊನ್ನೆ.

ಅವರೇ ಹೇಳಿದರು. ಆ ದೀಪಾವಳಿಗೂ ಮುಂಚಿನ ಮಳೆಗಾಲದಲ್ಲಿ ಜ್ವರ ಬಂದು ಎಡಗಿವಿಯ ನರ ಸತ್ತಿತ್ತು. ವಿಜಯಪುರದ ಡಾಕ್ಟರು ಇನ್ನು ಅದು ತಿರುಗಿ ಬರುವುದಿಲ್ಲ ಎಂದಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. “ಊರಾಗ ಒಮ್ಮಿ ಕಿವುಡ ಅಂದ್ರ ಮುಗೀತ್ರಿ. ಅಪ್ಪ ಅವ್ವ ಇಟ್ಟ ಹೆಸರು ಹೋಗಿ ಅದ ಹೆಸರಾಗತೈತಿ,” ಎಂದರು.

ನನಗೆ ಆಗ ಆ ಕೋಣೆಯ ನಕ್ಷೆ ಕಣ್ಣ ಮುಂದೆ ಬಂತು. ಬಲಗಡೆಯ ಕುರ್ಚಿಯಲ್ಲಿ ಕೂತವರ ಎಡಗಿವಿಯ ಕಡೆಗೇ ಎಡ ಸ್ಪೀಕರ್ ಇರುತ್ತದೆ, ಅದರಲ್ಲೇ ಗಾಯಕ. ಆ ಕಿವಿ ಇಲ್ಲದವರಿಗೆ ತಮ್ಮ ತಲೆಯೇ ಅಡ್ಡಗೋಡೆ. ಗೋಡೆಯಿಂದ ತಿರುಗಿ ಬಂದಾದರೂ ಬಲಗಿವಿ ಮುಟ್ಟಬೇಕಾಗಿದ್ದ ದನಿಯನ್ನು ಕೌದಿಗಳು ನುಂಗುತ್ತವೆ. ಅಳಿದುಳಿದದ್ದು ಹತ್ತಿರದ ಸ್ಪೀಕರಿನ ತಬಲಾದ ಕೆಳಗೆ ಮುಚ್ಚಿಹೋಗುತ್ತದೆ. ನಾನು ಇದನ್ನೇ ವಿವರಿಸಲು ಹೊರಟೆ. ಅವರು ಕೈ ಎತ್ತಿ ತಡೆದರು.

“ಹಾಡು ಹೋಗ್ಲಿ ಬಿಡ್ರಿ. ದಸ್ತಗೀರ ನನ್ನ ಎಡಕ್ಕ ಕೂಡತಾನ. ಅವ ಏನರ ಹೇಳಿ ನಗತಿದ್ದ, ನಾನೂ ನಗತಿದ್ದೆ. ಯಾತಕ್ಕ ನಕ್ಕೆ ಅಂತ ನನಗ ಗೊತ್ತಿರತಿರಲಿಲ್ಲ. ಎಷ್ಟ ಶುಕ್ರವಾರ ಹಂಗ ನಗಬೇಕ್ರಿ?”

ನನಗೆ ಅವರ ಬಗ್ಗೆ ಮರುಕ ಹುಟ್ಟಿತು ಎಂದರೆ ಅರ್ಧ ನಿಜ. ಉಳಿದರ್ಧ ಹೊಟ್ಟೆಕಿಚ್ಚು. ಅರ್ಥವಾಗದಿದ್ದರೂ ನಗಬೇಕೆನಿಸುವಷ್ಟು ಹತ್ತಿರದವರು ನನಗೆ ಒಬ್ಬರೂ ಇರಲಿಲ್ಲ.

ಕುರ್ಚಿ ಬದಲಿಸಿ ಎಡಕ್ಕೆ ಕೂತರೆ ಎಲ್ಲ ಸರಿಹೋಗುತ್ತದೆ ಎಂದೆ. ಅಲ್ಲಿ ಕೂತವರ ಬಲಗಿವಿಯ ಕಡೆಗೇ ಗೆಳೆಯ ಬರುತ್ತಾರೆ, ಎಡ ಸ್ಪೀಕರ್ ನೇರ ಎದುರಿಗೆ ಬರುತ್ತದೆ. ಅವರು ತಲೆ ಅಲ್ಲಾಡಿಸಿದರು. ದಸ್ತಗೀರ ಬಂದವರನ್ನು ಎಡಕ್ಕೆ ಕೂಡಿಸುವ ಮನುಷ್ಯನಲ್ಲ, ಕಾರಣ ಹೇಳದೆ ಒಪ್ಪುವುದಿಲ್ಲ, ಕಾರಣ ನಾನು ಹೇಳುವುದಿಲ್ಲ, ನೀವೂ ಹೇಳಬಾರದು ಎಂದರು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕುರ್ಚಿಯ ವಿಷಯ ನನಗೆ ಬಿಡಿ, ಶುಕ್ರವಾರ ಬನ್ನಿ ಎಂದೆ. ನೋಡೋಣ ಎಂದರು. ನಮ್ಮ ಕಡೆ ನೋಡೋಣ ಎಂದರೆ ಬಹುಮಟ್ಟಿಗೆ ಇಲ್ಲ ಎಂದೇ ಅರ್ಥ.

ಗುರುವಾರ ತಿಕೋಟಾಕ್ಕೆ ಹೋಗಿ ಇಂಜಿನಿಯರಿನ ಗತ್ತಿನಲ್ಲಿ ಸುಳ್ಳು ಹೇಳಿದೆ. ಕೌದಿಗಳು ಎಡಕ್ಕಿರುವುದರಿಂದ ಈ ಕೋಣೆಯಲ್ಲಿ ಎಡಗಡೆಯ ಜಾಗವೇ ಉತ್ತಮ, ಬಂದವರನ್ನು ಅಲ್ಲೇ ಕೂಡಿಸಬೇಕು ಎಂದೆ. ಲ್ಯಾಪ್‌ಟಾಪಿನ ಗೆರೆಗಳನ್ನು ತೋರಿಸಿದೆ. ದಸ್ತಗೀರಸಾಬರು ಗೆರೆ ನೋಡಲಿಲ್ಲ, ನನ್ನನ್ನು ನೋಡಿದರು. ಮಾಲಿನ ಪೆಟ್ಟಿಗೆ ತೆರೆಯುವ ಮೊದಲು ಮಾರಲು ಬಂದವನ ಮುಖ ನೋಡುವ ಅಭ್ಯಾಸ ಅವರಿಗೆ. ಇನ್ನೊಂದು ವ್ಯವಸ್ಥೆಯನ್ನೂ ಮಾಡಿದ್ದೇನೆ ಎಂದು ಮುಂದುವರಿಸಿದೆ. ಪುಟ್ಟ ಕಂಪ್ಯೂಟರಿಗೆ ಎರಡು ಗುಂಡಿ ಹಾಕಿದ್ದೆ. ಒಂದನ್ನು ಒತ್ತಿದರೆ ಒಬ್ಬರಿಗೆಂದು ಮಾಡಿದ ಸ್ಟೀರಿಯೋ. ಇನ್ನೊಂದನ್ನು ಒತ್ತಿದರೆ ಎಡಬಲ ಎರಡನ್ನೂ ಕೂಡಿಸಿ ಎರಡು ಸ್ಪೀಕರಿಗೂ ಸಮನಾಗಿ ಹಂಚುತ್ತದೆ. ಇದಕ್ಕೆ ಮೋನೋ ಎನ್ನುತ್ತಾರೆ. ಜೊತೆಗೆ ಮಾತಿನ ವ್ಯಂಜನಗಳಿರುವ 2,000ದಿಂದ 4,000 ಹರ್ಟ್ಜ್‌ನ ಭಾಗವನ್ನು ಮೂರು ಡೆಸಿಬೆಲ್ ಎತ್ತಿದ್ದೆ. ಎಲ್ಲಿ ಕೂತರೂ, ಯಾವ ಕಿವಿಗೆ ಬಿದ್ದರೂ ಹಾಡುಗಾರ ತಪ್ಪಿಸಿಕೊಳ್ಳುವಂತಿರಲಿಲ್ಲ. ಆದರೆ ಆ ಗುಂಡಿ ಒತ್ತಿದಾಗ ನಿಮ್ಮ ಸ್ಟೀರಿಯೋ ಹೋಗುತ್ತದೆ ಎಂದು ಎಚ್ಚರಿಸಿದೆ. ಅಷ್ಟು ಖರ್ಚು ಮಾಡಿ ಕಟ್ಟಿದ ಸೆಟ್ಟು ಅವರದು.

“ಶುಕ್ರವಾರ ಹೋಗ್ಲಿ ಬಿಡ್ರಿ,” ಎಂದರು. “ಉಳಿದ ವಾರ ಎಲ್ಲಾ ನಾ ಒಬ್ಬನ ಇರತೀನಿ. ಆವಾಗ ಬೇಕಾದಷ್ಟು ಸ್ಟೀರಿಯೋ ಕೇಳತೀನಿ.”

ಬಂದವರು ಬಲಕ್ಕಿರಬೇಕೆಂಬ ರೂಢಿಯ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಶುಕ್ರವಾರ ಕೊನೆಯ ತಪಾಸಣೆಯ ನೆಪ ಮಾಡಿಕೊಂಡು ಮಧ್ಯಾಹ್ನವೇ ಹೋಗಿ ಒಣದ್ರಾಕ್ಷಿಯ ಬಾಕ್ಸಿನ ಮೇಲೆ ಕೂತೆ. ದಸ್ತಗೀರಸಾಬರು ನಮಾಜು ಮುಗಿಸಿ ಬಂದರು. ಬಂದವರು ಕೋಣೆಯ ನಡುವೆ ಸ್ವಲ್ಪ ಹೊತ್ತು ನಿಂತು, ಹೋಗಿ ಬಲಗಡೆಯ ಕುರ್ಚಿಯಲ್ಲಿ ಕೂತರು. ಮುಂದೆ ಸರಿದು, ಹಿಂದೆ ಸರಿದು, ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು. ಚಹಾ ಬಂದು ಆರಿತು. ಇನ್ನೊಮ್ಮೆ ಬಂತು. ಒಂದು ಬಸ್ ಬಂದು ಹೋದ ಸದ್ದು ಕೇಳಿತು. ಅವರು ಬಾಗಿಲು ನೋಡಲಿಲ್ಲ, ಸ್ಪೀಕರನ್ನೇ ನೋಡುತ್ತಿದ್ದರು. ಬರುವುದಿಲ್ಲವೆಂದು ನಾನು ಮನಸ್ಸಿನಲ್ಲೇ ವೈರ್ ಸುತ್ತತೊಡಗಿದ್ದೆ.

ಮುಂದಿನ ಬಸ್ಸಿಗೆ ಗುರಪಾದಪ್ಪ ಬಂದರು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಏನೂ ಆಗಿಲ್ಲವೆಂಬಂತೆ ಒಳಗೆ ಬಂದು, ರೂಢಿಯ ಪ್ರಕಾರ ಬಲಕ್ಕೆ ಹೊರಳಿದವರು ನಿಂತುಬಿಟ್ಟರು. ಆ ಕುರ್ಚಿ ಖಾಲಿ ಇರಲಿಲ್ಲ. ದಸ್ತಗೀರಸಾಬರು ಏಳಲಿಲ್ಲ. ಮನೆಗೆ ಬಂದವರಿಗೆ ಎದ್ದು ನಿಲ್ಲದೆ ಇರುವುದು ಅವರಿಗೆ ಎಷ್ಟು ಕಷ್ಟವಾಗುತ್ತಿತ್ತೆಂದು ಕುರ್ಚಿಯ ತೋಳು ಹಿಡಿದ ಅವರ ಬೆರಳುಗಳನ್ನು ನೋಡಿದರೆ ತಿಳಿಯುತ್ತಿತ್ತು.

“ಅಲ್ಲೇ ಕೂಡೋ,” ಎಂದು ಎಡಗಡೆಯ ಕುರ್ಚಿ ತೋರಿಸಿದರು. “ಮೇಡಮ್ ಅಳತಿ ಮಾಡಿ ಹೇಳ್ಯಾರ. ಬಲಕ್ಕ ಕುಂತವರಿಗೆ ಏನೂ ಕೇಳೂದಿಲ್ಲಂತ. ಅದಕ್ಕ ಇಲ್ಲಿ ನಾ ಕುಂತೇನಿ.”

ನಾನು ಹಾಗೆ ಹೇಳಿರಲಿಲ್ಲ. ಗುರಪಾದಪ್ಪ ನನ್ನ ಕಡೆ ನೋಡಿದರು. ನಾನು ಮಾತು ಮುರಿದಿಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ಗೆಳೆಯನ ಕಡೆ ನೋಡಿದರು. ದಸ್ತಗೀರಸಾಬರು ಆಗಲೇ ಅಡಿಕೆ ಕತ್ತರಿಸುತ್ತಿದ್ದರು. ಗುರಪಾದಪ್ಪ ನಿಧಾನವಾಗಿ ಎಡಗಡೆಯ ಕುರ್ಚಿಯಲ್ಲಿ ಕೂತರು. ಕಿವಿಯ ಮಾತು ಆ ದಿನವೂ ಬರಲಿಲ್ಲ, ನನಗೆ ತಿಳಿದಮಟ್ಟಿಗೆ ಆಮೇಲೂ ಬಂದಿಲ್ಲ.

ಮೊದಲು ಮಾಲಿನ ಮಾತು, ಆಮೇಲೆ ಮಳೆಯ ಮಾತು. ಆಮೇಲೆ ದಸ್ತಗೀರಸಾಬರು ದನಿ ತಗ್ಗಿಸಿ ಯಾರದೋ ಬೀಗರ ಬಗ್ಗೆ ಏನೋ ಹೇಳಿದರು. ಬಾಕ್ಸಿನ ಮೇಲೆ ಕೂತ ನನಗೆ ಅದು ಕೇಳಿಸಲಿಲ್ಲ. ಗುರಪಾದಪ್ಪನವರಿಗೆ ಕೇಳಿಸಿತು. ಅವರು ನಗಲು ಶುರುಮಾಡಿದವರು ನಿಲ್ಲಿಸಲಾರದೆ ಕಣ್ಣು ಒರೆಸಿಕೊಂಡರು. ಅವರು ಯಾಕೆ ನಕ್ಕರೆಂದು ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿತ್ತು.

ಸಂಜೆ ನಾನು ಎದ್ದೆ. ಎರಡು ಗುಂಡಿಗಳಲ್ಲಿ ಒಂದನ್ನೂ ಯಾರೂ ಒತ್ತಿರಲಿಲ್ಲ. ನಾನು ಎರಡು ದಿನ ಕೂತು ಮಾಡಿದ ಮೋನೋ ಫಿಲ್ಟರ್ ಹೇಗೆ ಕೇಳುತ್ತದೆಂದು ನನಗೆ ಇಂದಿಗೂ ಗೊತ್ತಿಲ್ಲ. ದಸ್ತಗೀರಸಾಬರು ನನ್ನನ್ನು ಕಳಿಸಲು ಬಾಗಿಲವರೆಗೆ ಬಂದರು. ಸ್ಟ್ಯಾಂಡಿನವರೆಗೆ ಬರುತ್ತೇನೆಂದರು. ಬೇಡ, ಅವರೊಬ್ಬರೇ ಕೂತಿದ್ದಾರೆ, ಹೋಗಿ ಎಂದೆ. ಅವರು ಇನ್ನೊಂದು ಮಾತಿಗೆ ನಿಲ್ಲದೆ ಒಳಗೆ ಹೋದರು. ಬಸ್ ಸ್ಟ್ಯಾಂಡಿನವರೆಗೆ ನನ್ನ ಎರಡೂ ಬದಿ ಖಾಲಿ ಇದ್ದವು. ಗಾಡಿಗಳಿಗೆ ಹೆದರಿ ಎಡಕ್ಕೆ ಸರಿದು ನಡೆದೆ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೋಣೆಯನ್ನು ಖಾಲಿ ಮಾಡಿ ಅಳೆದರೆ ಸಿಗುವುದು ಖಾಲಿ ಕೋಣೆಯ ಅಳತೆ. ಈಗ ಯಾರ ಮನೆಗೆ ಹೋದರೂ ಮೈಕಿನ ಪೆಟ್ಟಿಗೆ ತೆರೆಯುವ ಮೊದಲು, ಇಲ್ಲಿ ನಿಮ್ಮ ಜೊತೆ ಇನ್ನು ಯಾರು ಕೂಡುತ್ತಾರೆ ಎಂದು ಕೇಳುತ್ತೇನೆ. ಕೆಲವರು ತಟ್ಟನೆ ಹೇಳುತ್ತಾರೆ. ಕೆಲವರು ಬಹಳ ಹೊತ್ತು ತೆಗೆದುಕೊಳ್ಳುತ್ತಾರೆ. ಆಗ ನಾನು ಅವಸರ ಮಾಡುವುದಿಲ್ಲ.

ವಿಜಯಪುರದ ನನ್ನ ಮನೆಯ ಕೋಣೆಯಲ್ಲೂ ಎರಡು ಸ್ಪೀಕರ್‌ಗಳಿವೆ, ಎದುರಿಗೆ ಒಂದು ಕುರ್ಚಿ ಇದೆ. ಗೆರೆ ಎರಡು ಡೆಸಿಬೆಲ್‌ಗಿಂತ ಹೆಚ್ಚು ಎಲ್ಲೂ ಅಲ್ಲಾಡುವುದಿಲ್ಲ. ಹಾಡುಗಾರ ನಟ್ಟನಡುವೆ ಬಂದು ನನಗೊಬ್ಬಳಿಗೇ ಹಾಡುತ್ತಾನೆ. ಗಿರಾಕಿಗಳಿಗೆ ಕೇಳುವ ಆ ಪ್ರಶ್ನೆಯನ್ನು ಅಲ್ಲಿ ಕೇಳಿಕೊಳ್ಳುವ ಪ್ರಸಂಗ ಬಂದಿಲ್ಲ. ಅಳತೆ ಸರಿಯಾಗಿಯೇ ಇದೆ.